ತುಳುವಿನಲ್ಲಿ ಹೇಳಿ ಕನ್ನಡದಲ್ಲಿ ಬರೆಸಿದ ಕಾಗದ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಆ ಪುಟ್ಟ ಕಾದಂಬರಿಯ ಬಗ್ಗೆ ಜಾತಿ, ಭೂಮಿ, ಮತಾಂತರ, ಸಾಲ ಎಂದು ಎಷ್ಟೋ ಚರ್ಚೆಗಳು ನಡೆದಿವೆ. ಒಂದು ಸಣ್ಣ ಪ್ರಶ್ನೆಯನ್ನು ಮಾತ್ರ ಯಾವ ವಿಚಾರಸಂಕಿರಣದಲ್ಲೂ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಚೋಮನಿಗೆ ಕನ್ನಡ ಬರುತ್ತಿತ್ತೇ?

ಬರುತ್ತಿರಲಿಲ್ಲ, ಅಥವಾ ಬಂದರೂ ಧಣಿಗಳ ಮನೆಯಂಗಳದಲ್ಲಿ ಕೇಳಿ ಅಲ್ಪಸ್ವಲ್ಪ ತಿಳಿಯುವಷ್ಟು ಬರುತ್ತಿದ್ದಿರಬೇಕು. ಅವನು ಬೆಳ್ಳಿಯನ್ನು ಗದರಿದ್ದು, ಸಂಕಪ್ಪಯ್ಯನ ಎದುರು ತಲೆ ಬಗ್ಗಿಸಿ ಬೇಡಿದ್ದು, ಕುಡಿದು ತನ್ನಷ್ಟಕ್ಕೆ ಗೊಣಗಿದ್ದು ಎಲ್ಲವೂ ತುಳುವಿನಲ್ಲೇ. ಮತಾಂತರಕ್ಕೆ ಹೊರಟವನನ್ನು ಹಿಂದಕ್ಕೆ ತಿರುಗಿಸುವ ಪಂಜುರ್ಲಿ ತುಳುವಿನಲ್ಲಿ ನುಡಿ ಕೊಡುವ ದೈವ. ಆದರೆ ಪುಸ್ತಕದಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ನಾವು ಓದುತ್ತೇವೆ, ನಮಗೆ ಏನೂ ಅನ್ನಿಸುವುದಿಲ್ಲ. ತುಳು ಮನೆಮಾತಿನವನಾದ ನನಗೂ ಪಿಯುಸಿಯಲ್ಲಿ ಅದನ್ನು ಓದುವಾಗ ಏನೂ ಅನ್ನಿಸಿರಲಿಲ್ಲ. ಯಾಕೆ ಅನ್ನಿಸಲಿಲ್ಲ ಎನ್ನುವುದೇ ಈ ಬರಹದ ವಿಷಯ. ಅದಕ್ಕೆ ಉತ್ತರ ಕಾರಂತರಲ್ಲಿಲ್ಲ, ನಮ್ಮ ಮನೆಗೆ ಬರುತ್ತಿದ್ದ ಇನ್‌ಲ್ಯಾಂಡ್ ಕಾಗದಗಳಲ್ಲಿದೆ ಎಂದು ನನ್ನ ವಾದ.

ಮುಂಬಯಿಗೆ ಮಗನನ್ನೋ ಗಂಡನನ್ನೋ ಕಳಿಸಿದ ಕಾರ್ಕಳ, ಉಡುಪಿ, ಬಂಟ್ವಾಳದ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಈ ಕಾಗದಗಳ ಪರಿಚಯ ಇದ್ದೇ ಇರುತ್ತದೆ. ಅಜ್ಜಿ ಜಗಲಿಯಲ್ಲಿ ಕೂತು ತುಳುವಿನಲ್ಲಿ ಹೇಳುತ್ತಿದ್ದರು. ಶಾಲೆಗೆ ಹೋಗುವ ಮೊಮ್ಮಗ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದ. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಾ ಇರುವುದು’ ಎಂದು ಶುರು. ಅಜ್ಜಿ ಎಂದೂ ಬಾಯಲ್ಲಿ ‘ಕ್ಷೇಮ’ ಎಂದವರಲ್ಲ. ಕಾಗದ ಮುಂಬಯಿ ಸೇರಿದ ಮೇಲೆ, ಓದು ಬಾರದ ಅಡುಗೆಯವನಿಗೆ ಓದು ಬಲ್ಲ ಮಾಣಿ ಅದನ್ನು ಮತ್ತೆ ತುಳು ಮಾಡಿ ಓದಿ ಹೇಳುತ್ತಿದ್ದ. ಹೇಳಿದ್ದು ತುಳು, ಕೇಳಿದ್ದು ತುಳು, ನಡುವೆ ಅಂಚೆಯಲ್ಲಿ ಪ್ರಯಾಣ ಮಾಡಿದ್ದು ಮಾತ್ರ ಕನ್ನಡ. ಇದನ್ನು ಯಾರೂ ಅನುವಾದ ಎಂದು ಕರೆಯಲಿಲ್ಲ. ಬರೆಯುವುದು ಎಂದರೆ ಕನ್ನಡದಲ್ಲಿ, ಅಷ್ಟೇ. ತುಳುವಿನಲ್ಲೇ ಬರೆಯುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡ ಲಿಪಿಯಲ್ಲಿ ತುಳು ಅಚ್ಚು ಹಾಕಿ ತೋರಿಸಿದ್ದರು. ಮ್ಯಾನರ್ ಅವರ ತುಳು ನಿಘಂಟು ಬಂದದ್ದು 1886ರಲ್ಲಿ. ಲಿಪಿ ಇತ್ತು, ನಿಘಂಟು ಇತ್ತು, ಮಾತಂತೂ ಇತ್ತೇ ಇತ್ತು. ಕಾಗದ ಬರೆಯುವ ಅಂತಸ್ತು ಮಾತ್ರ ಆ ಭಾಷೆಗೆ ಇರಲಿಲ್ಲ.

ನಾನು ಈಗ ಇರುವುದು ಠಾಣೆ ಪೂರ್ವದ ಕೋಪರಿಯಲ್ಲಿ. ಬಳಸುವ ಭಾಷೆ ಒಂದು, ಬೆಲೆ ಕೊಡುವ ಭಾಷೆ ಇನ್ನೊಂದು ಎಂಬ ಈ ಏರ್ಪಾಡು ನಮ್ಮೂರಿನವರದು ಮಾತ್ರ ಅಲ್ಲ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ದೇಶವಿಭಜನೆಯ ನಂತರ ಬಂದು ನೆಲೆಸಿದ ಸಿಂಧಿಗಳು ಇಲ್ಲಿ ಬಹಳ. ಸಿಂಧಿಗೆ ರಾಜ್ಯವಿಲ್ಲದಿದ್ದರೂ 1967ರಲ್ಲೇ ಎಂಟನೆಯ ಪರಿಚ್ಛೇದದಲ್ಲಿ ಜಾಗ ಸಿಕ್ಕಿದೆ, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯಿದೆ, ನೋಟಿನ ಮೇಲೊಂದು ಸಾಲು ಬಿಟ್ಟರೆ ಎಲ್ಲ ಇದೆ. ಆದರೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಂಧಿ ಅಜ್ಜಿ ಸಿಂಧಿಯಲ್ಲಿ ಕೇಳಿದ್ದಕ್ಕೆ ಮೊಮ್ಮಕ್ಕಳು ಉತ್ತರ ಕೊಡುವುದು ಹಿಂದಿಯಲ್ಲಿ. ಅಜ್ಜಿ ಬಲದಿಂದ ಎಡಕ್ಕೆ ಓದುವ ಪುಸ್ತಕವನ್ನು ಆ ಮಕ್ಕಳು ಯಾವ ಕಡೆಯಿಂದಲೂ ಓದಲಾರರು. ಇತ್ತ ಚೆಂದಣಿ ಕೋಳಿವಾಡದ ಮೂಲ ನಿವಾಸಿಗಳು, ನವಿ ಮುಂಬಯಿಯ ಹಳ್ಳಿಗಳ ಆಗ್ರಿಗಳು. ಅವರ ಮಾತು ಮರಾಠಿಯೇ ಎಂದು ಪುಸ್ತಕ ಹೇಳುತ್ತದೆ, ಆದರೆ ಪುಣೆಯ ಮರಾಠಿಗೆ ಅದು ಒರಟು. ಮದುವೆಯ ಹಳದಿ ಕಾರ್ಯಕ್ರಮದ ಹಾಡಿಗೆ ಆಗ್ರಿ ಬೇಕೇ ಬೇಕು. ಅದೇ ಮದುವೆಯ ಆಮಂತ್ರಣ ಪತ್ರಿಕೆ ಮಾತ್ರ ಅಪ್ಪಟ ಸಂಸ್ಕೃತಮಯ ಮರಾಠಿ. ಹೀಗೆ ಪ್ರತಿಯೊಬ್ಬರ ಮನೆಯಲ್ಲೂ ಹಾಡುವುದಕ್ಕೊಂದು, ಅಚ್ಚು ಹಾಕಿಸುವುದಕ್ಕೊಂದು ಭಾಷೆ.

ಮುಂಬಯಿಯ ತುಳುವರು ಇದನ್ನು ಒಂದು ಸಂಸ್ಥೆಯ ಮಟ್ಟಕ್ಕೇ ಏರಿಸಿದವರು. ಬಿಲ್ಲವರ ಅಸೋಸಿಯೇಷನ್ನಿನ ‘ಅಕ್ಷಯ’, ಬಂಟರ ಸಂಘದ ‘ಬಂಟರ ವಾಣಿ’, ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’ ಮೂರೂ ತುಳುವರೇ ನಡೆಸಿದ ಪತ್ರಿಕೆಗಳು, ಮೂರೂ ಕನ್ನಡ ಪತ್ರಿಕೆಗಳು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿದ ಹುಡುಗರು ಕತ್ತಲಾದ ಮೇಲೆ ಹೋಗುತ್ತಿದ್ದ ರಾತ್ರಿಶಾಲೆಗಳ ಮಾಧ್ಯಮ ಕನ್ನಡ. ಯಕ್ಷಗಾನ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವ ಕ್ಯಾಂಟೀನಿನ ಶೆಟ್ಟರ ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ನುಸುಳದ ಕನ್ನಡ. ಪದ್ಯ ಮುಗಿದು ಚೌಕಿಗೆ ಬಂದದ್ದೇ ‘ಚಾ ಉಂಡಾ?’ ಎಂದು ತುಳು. ಈಗಲೂ ಇಲ್ಲಿನ ಸಭಾಗೃಹಗಳಲ್ಲಿ ತುಳು ನಾಟಕ ಇದ್ದರೆ ಸೀಟು ಸಿಗುವುದಿಲ್ಲ. ಆದರೆ ಬ್ಯಾನರ್ ಕನ್ನಡದಲ್ಲಿ, ಸ್ಮರಣ ಸಂಚಿಕೆ ಕನ್ನಡದಲ್ಲಿ, ನಾಟಕಕ್ಕೆ ಮುಂಚಿನ ಮುಗಿಯದ ಸಭಾ ಕಾರ್ಯಕ್ರಮ ಬಹುಪಾಲು ಕನ್ನಡದಲ್ಲಿ. ಸನ್ಮಾನ ಕನ್ನಡದಲ್ಲಿ, ನಗು ತುಳುವಿನಲ್ಲಿ. (ಶಾಲು ಹೊದೆಸಿಕೊಂಡವರ ಸಾಲು ಉದ್ದವಾದಷ್ಟೂ ನಗುವಿನ ಸಮಯ ಕಡಿಮೆಯಾಗುತ್ತದೆ ಎನ್ನುವುದು ಬೇರೆ ಮಾತು.)

ಇಷ್ಟು ಹೇಳಿದ್ದು ಮುಂಬಯಿಯ ಕನ್ನಡ ಕಥನ ಸಾಹಿತ್ಯದ ಕಡೆಗೆ ಬರುವುದಕ್ಕೆ. ನಮ್ಮ ಸಂಘಗಳ ವೇದಿಕೆಯಲ್ಲಿ ಈ ಸಾಹಿತ್ಯವನ್ನು ಹೊಗಳುವ ರೀತಿ ಒಂದೇ: ಹೊರನಾಡಿನಲ್ಲಿ ಕನ್ನಡದ ದೀಪ ಹಚ್ಚಿದವರು, ಊರು ಬಿಟ್ಟರೂ ಭಾಷೆ ಬಿಡದವರು. ಈ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಇದು ಸಾಹಿತ್ಯವನ್ನು ನಿಷ್ಠೆಯ ಪ್ರಮಾಣಪತ್ರವಾಗಿ ಓದುತ್ತದೆ. ಈ ಲೇಖಕರಲ್ಲಿ ಅನೇಕರ ಮನೆಮಾತು ಕನ್ನಡವೇ ಅಲ್ಲ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಇಬ್ಬರದೂ ಕೊಂಕಣಿ. ವ್ಯಾಸರಾಯ ಬಲ್ಲಾಳರು ತುಳುನಾಡಿನ ಉಡುಪಿಯವರು. ಅವರು ‘ತಾಯ್ನುಡಿ ಉಳಿಸಿಕೊಂಡರು’ ಎನ್ನುವುದು ಸರಿಯಲ್ಲ. ಅವರು ಮಾಡಿದ್ದು ಜಗಲಿಯ ಆ ಮೊಮ್ಮಗ ಮಾಡಿದ್ದನ್ನೇ. ಬೇರೆ ಬೇರೆ ಭಾಷೆಗಳಲ್ಲಿ ನಡೆದ ಬದುಕನ್ನು ಕನ್ನಡದಲ್ಲಿ ಬರೆದುಕೊಂಡರು. ಅದು ಉಳಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಅದರಲ್ಲಿ ಲಾಭದ ಜೊತೆಗೆ ನಷ್ಟವೂ ಇದೆ. ವಿಮರ್ಶೆ ಲೆಕ್ಕ ಹಾಕಬೇಕಾದದ್ದು ಅದನ್ನು.

ಚಿತ್ತಾಲರ ‘ಶಿಕಾರಿ’ಯನ್ನು (1979) ತೆಗೆದುಕೊಳ್ಳಿ. ನನ್ನಂಥ ಕಂಪನಿ ನೌಕರರಿಗೆ ಅದು ಇವತ್ತಿಗೂ ಬೆವರಿಳಿಸುವ ಪುಸ್ತಕ. ಯಾಕೆಂದು ಗೊತ್ತಿಲ್ಲದೆ ಅಮಾನತುಗೊಂಡ ನಾಗಪ್ಪ, ಮೇಲೆ ಕೂತ ಫಿರೋಜ್ ಬಂದೂಕವಾಲಾ, ನಡುವೆ ಎಲ್ಲಿಂದ ಗುಂಡು ಬರುತ್ತದೋ ತಿಳಿಯದ ಆಫೀಸು. ಮೌಲ್ಯಮಾಪನದ ತಿಂಗಳು ಬಂದಾಗಲೆಲ್ಲ ನಮ್ಮ ಐಟಿ ಪಾರ್ಕಿನಲ್ಲಿ ಹತ್ತಾರು ನಾಗಪ್ಪರನ್ನು ನೋಡುತ್ತೇನೆ. ಈ ಕಾದಂಬರಿಯಲ್ಲಿ ಆಫೀಸಿನ ಇಂಗ್ಲಿಷ್ ಹಾಗೆಹಾಗೆಯೇ ಬರುತ್ತದೆ. ಪದವಿಗಳ ಹೆಸರು, ಪತ್ರದ ಒಕ್ಕಣೆ, ಬೆದರಿಕೆಯ ಮಾತು. ಚಿತ್ತಾಲರು ಅದನ್ನು ಕನ್ನಡ ಮಾಡಲು ಹೋಗುವುದಿಲ್ಲ, ಏಕೆಂದರೆ ಬೇಟೆಯ ಭಾಷೆಯೇ ಅದು, ತಿದ್ದಿದರೆ ಬೇಟೆ ಮೊಂಡಾಗುತ್ತದೆ. ಆದರೆ ಉತ್ತರ ಕನ್ನಡದ ಕರಾವಳಿಯಿಂದ ಬಂದ ನಾಗಪ್ಪ ತನ್ನೂರಿನವರೊಡನೆ ಆಡಿರಬಹುದಾದ ಕೊಂಕಣಿ? ಅದಕ್ಕೆ ಈ ಸೌಲಭ್ಯವಿಲ್ಲ. ಅದು ಸದ್ದಿಲ್ಲದೆ ಕನ್ನಡದೊಳಗೆ ಕರಗಿಹೋಗುತ್ತದೆ. ಅಂದರೆ ಪುಟದ ಮೇಲೆ ತನ್ನ ರೂಪದಲ್ಲೇ ನಿಲ್ಲುವ ಹಕ್ಕು ಅಧಿಕಾರ ಇರುವ ಭಾಷೆಗೆ ಮಾತ್ರ. ಚಿತ್ತಾಲರನ್ನು ಇದಕ್ಕೆ ದೂರುತ್ತಿಲ್ಲ. ಅವರು ಪಾಲಿಮರ್ ರಸಾಯನ ಬಲ್ಲವರು, ಯಾವುದು ಯಾವುದರಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂದು ಬರವಣಿಗೆಯಲ್ಲೂ ಕಂಡುಕೊಂಡಿದ್ದರು. ನಾವು ಓದುಗರು ಮಾತ್ರ ಇಂಗ್ಲಿಷನ್ನು ಗಮನಿಸಿ ‘ನಗರಪ್ರಜ್ಞೆ’ ಎಂದು ಬರೆದೆವು, ಕರಗಿದ ಕೊಂಕಣಿಯನ್ನು ಗಮನಿಸಲೇ ಇಲ್ಲ.

ಕಾಯ್ಕಿಣಿಯವರದು ಇನ್ನೊಂದು ದಾರಿ. ‘ದಗಡೂ ಪರಬನ ಅಶ್ವಮೇಧ’ದ ದಗಡೂ ಮರಾಠಿಯವನು. ಅವನ ಮದುವೆಯ ಕುದುರೆ ಅವನನ್ನು ಹೊತ್ತುಕೊಂಡು ಮುಂಬಯಿಯ ಬೀದಿಗಳಲ್ಲಿ ಓಡುವಾಗ ಸುತ್ತ ಏಳುವ ಗದ್ದಲವೂ ಮರಾಠಿ, ಹಿಂದಿ, ಗುಜರಾತಿಯದೇ ಆಗಿರಬೇಕು. ಕಥೆ ಮಾತ್ರ ಎಲ್ಲರಿಗೂ ಒಂದೇ ಮೆತ್ತನೆಯ ಕನ್ನಡವನ್ನು ಹಂಚುತ್ತದೆ. ಇದರಲ್ಲಿ ಒಂದು ದೊಡ್ಡತನವಿದೆ. ಲೇಖಕ ತನಗೆ ಇಟ್ಟುಕೊಂಡ ಕನ್ನಡವನ್ನೇ ದಗಡೂಗೂ ಕೊಡುತ್ತಾನೆ, ಅವನಿಗೆಂದು ಬೇರೆ ಒರಟು ಭಾಷೆ ತೆಗೆದಿಡುವುದಿಲ್ಲ. ಯಾವ ಪಾತ್ರವೂ ಭಾಷೆಯ ಕಾರಣಕ್ಕೆ ನಗೆಪಾಟಲಾಗುವುದಿಲ್ಲ. ನಷ್ಟ ಏನೆಂದರೆ, ಮುಂಬಯಿಯಲ್ಲಿ ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದೇ ಅಂತಸ್ತಿನ ನಕಾಶೆ. ವಾಚ್‌ಮನ್ ನನ್ನ ಜೊತೆ ಹಿಂದಿಯಲ್ಲಿ, ಸೆಕ್ರೆಟರಿ ಜೊತೆ ಮರಾಠಿಯಲ್ಲಿ, ಫೋನಿನಲ್ಲಿ ಹೆಂಡತಿಯ ಜೊತೆ ಭೋಜಪುರಿಯಲ್ಲಿ ಮಾತಾಡುವಾಗ ಅವನ ಬೆನ್ನು ಬಾಗುವ ಕೋನವೂ ಬದಲಾಗುತ್ತದೆ. ಒಂದೇ ಕನ್ನಡದಲ್ಲಿ ಈ ಕೋನ ಕಾಣಿಸುವುದಿಲ್ಲ. ಕಾಯ್ಕಿಣಿ ಅದನ್ನು ಬೇರೆ ಕಡೆಯಿಂದ, ವಸ್ತುಗಳ ಮೂಲಕ ತರುತ್ತಾರೆ. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯ ಜೋಡಿ ತಲೆ ಕೆಡಿಸಿಕೊಳ್ಳುವುದು ಮದುವೆಯ ಕಾಗದದಲ್ಲಿ ಹೆಸರು ಹೇಗೆ ಅಚ್ಚಾಗಬೇಕು ಎಂದು. ಮತ್ತೆ ಅದೇ ಕಾಗದ, ಅದೇ ಅಚ್ಚಿನ ಭಾಷೆಯ ಭಯ. ಅವರ ಮುಂಬಯಿ ಕಥೆಗಳಲ್ಲಿ ನನಗೆ ಅತ್ಯುತ್ತಮ ಅನ್ನಿಸುವುದು ಇದೇ.

ಈ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ ಬಂದು 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ನನ್ನ ಮಗಳು ಮತ್ತು ಅವಳ ಸ್ನೇಹಿತರು ಓದಿದ್ದು ಇಂಗ್ಲಿಷಿನಲ್ಲೇ. ಕನ್ನಡದ ಹಿರಿಯ ಓದುಗರು ಕೆಲವರು ‘ಅನುವಾದದಲ್ಲಿ ಕನ್ನಡತನ ಹೋಯಿತು’ ಎಂದು ಕೊರಗುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಮೂಲವೇ ಒಂದು ಅನುವಾದವಾಗಿರುವಾಗ ಎರಡನೆಯ ಅನುವಾದಕ್ಕೆ ಕದ ತೆರೆದೇ ಇರುತ್ತದೆ. ದಗಡೂ ಕನ್ನಡದಲ್ಲಿ ಎಷ್ಟು ಪರದೇಶಿಯೋ ಇಂಗ್ಲಿಷಿನಲ್ಲೂ ಅಷ್ಟೇ.

ಇದಕ್ಕೆ ಎದುರಾಗಿ ವೈದೇಹಿಯವರನ್ನು, ಮುಂಬಯಿಯಲ್ಲೇ ಕೂತು ಬರೆದ ಮಿತ್ರಾ ವೆಂಕಟ್ರಾಜ ಅವರನ್ನು ಇಟ್ಟು ನೋಡಬಹುದು. ಅವರ ಹೆಂಗಸರು ಕುಂದಾಪುರದ ಕನ್ನಡದಲ್ಲೇ ಮಾತಾಡುತ್ತಾರೆ. ‘ಪಾಚಿ ಕಟ್ಟಿದ ಪಾಗಾರ’ ಎಂಬ ಶೀರ್ಷಿಕೆಯಿಂದಲೇ ಆ ಊರಿನ ಮಳೆ ಸುರಿಯುತ್ತದೆ. (ಮುಂಬಯಿ ಕನ್ನಡಿಗರಿಗೆ ಪಾಗಾರ ಎಂದರೆ ಮೊದಲು ನೆನಪಾಗುವುದು ಪಗಾರ. ಒಂದು ದೀರ್ಘ ಕಳಕೊಂಡರೆ ಗೋಡೆ ಸಂಬಳವಾಗುತ್ತದೆ.) ಆದರೆ ಅವರಿಗೆ ಆ ಬಾಗಿಲು ತೆರೆದದ್ದು ಕುಂದಗನ್ನಡವೂ ಕನ್ನಡವೇ ಆದ್ದರಿಂದ. ಉಚ್ಚಾರ ಬೇರೆಯಾದರೂ ಮೈಸೂರಿನ ಓದುಗ ನಾಲ್ಕು ಪುಟದಲ್ಲಿ ಒಗ್ಗಿಕೊಳ್ಳುತ್ತಾನೆ. ತುಳು ಹಾಗಲ್ಲ, ಅದು ಬೇರೆಯೇ ಭಾಷೆ. ನಾಲ್ಕು ಪುಟ ತುಳು ಸಂಭಾಷಣೆ ಬಂದರೆ ಓದುಗ ಪುಸ್ತಕ ಮುಚ್ಚುತ್ತಾನೆ, ಅದಕ್ಕೆ ಮುಂಚೆ ಸಂಪಾದಕರು ಹಸ್ತಪ್ರತಿ ಮುಚ್ಚಿರುತ್ತಾರೆ. ವಿವೇಕ ಶಾನಭಾಗರು ಈ ಗಂಟನ್ನು ಜಾಣತನದಿಂದ ದಾಟಿದ್ದಾರೆ. ‘ಘಾಚರ್ ಘೋಚರ್’ ಎಂಬುದು ಒಂದು ಮನೆಯ ಮಕ್ಕಳು ಗಾಳಿಪಟದ ದಾರ ಸಿಕ್ಕಾದಾಗ ಹುಟ್ಟಿಸಿಕೊಂಡ ಮಾತು, ಯಾವ ಭಾಷೆಗೂ ಸೇರಿದ್ದಲ್ಲ. ಹಾಗಾಗಿಯೇ ಇಂಗ್ಲಿಷಿಗೆ ಹೋದಾಗಲೂ ಅದಕ್ಕೆ ಏನೂ ಆಗಲಿಲ್ಲ. ಮನೆಯೊಳಗಿನ ಮಾತು ಎಂದರೆ ಏನು ಎಂಬುದನ್ನು ಮನೆಮಾತನ್ನು ಬಳಸದೆಯೇ ತೋರಿಸಿದ ಬರಹ ಅದು.

ಈ ಲೇಖನಕ್ಕೆಂದು ಒಂದು ಪ್ರಯೋಗ ಮಾಡಿದೆ. ‘ಚೋಮನ ದುಡಿ’ಯ ಒಂದು ಸಂಭಾಷಣೆಯನ್ನು ಅದರ ತುಳುವಿಗೆ ವಾಪಸು ಕಳಿಸೋಣ ಎಂದು ಕೂತೆ. ಸಂಕಪ್ಪಯ್ಯನ ಮಾತು ಬರೆಯುವುದಕ್ಕೆ ಐದು ನಿಮಿಷ ಸಾಕಾಯಿತು. ನನ್ನ ಕಿವಿಯಲ್ಲಿ ಧಣಿಗಳ ತುಳು ಇದೆ. ಚೋಮನದು ಬರಲಿಲ್ಲ. ತುಳುವೂ ಒಂದಲ್ಲ. ನಾವು ‘ತೂಪೆ’ ಎನ್ನುವುದನ್ನು ಬ್ರಾಹ್ಮಣರ ತುಳು ‘ಸೂಪೆ’ ಎನ್ನುತ್ತದೆ, ದಲಿತ ಸಮುದಾಯಗಳ ತುಳುವಿನಲ್ಲಿ ಆ ವ್ಯಂಜನ ಮತ್ತೆ ಬೇರೆ. ಯು.ಪಿ. ಉಪಾಧ್ಯಾಯರ ನೇತೃತ್ವದಲ್ಲಿ ಉಡುಪಿಯಲ್ಲಿ ತಯಾರಾದ ಆರು ಸಂಪುಟಗಳ ‘ತುಳು ನಿಘಂಟು’ ಇಂಥ ರೂಪಗಳನ್ನು ಕೂಡಿಹಾಕಿದೆ. ಆದರೆ ನಿಘಂಟು ಶಬ್ದ ಕೊಡುತ್ತದೆ, ಅಂಗಳದಾಚೆ ನಿಂತವನ ವಾಕ್ಯ ಕೊಡುವುದಿಲ್ಲ. ಕಾರಂತರ ಕನ್ನಡ ಚೋಮನ ತುಳುವನ್ನು ನುಂಗಿತು ಎಂದು ಬರೆಯಲು ಹೊರಟಿದ್ದ ನನಗೆ ಆ ವಾಕ್ಯ ಅಷ್ಟು ಸಲೀಸಾಗಿ ಬರೆಯಲಾಗಲಿಲ್ಲ. ಕನ್ನಡವಲ್ಲದೆ ನನ್ನ ತುಳುವಾಗಿದ್ದರೂ ಅವನನ್ನು ನುಂಗುತ್ತಿತ್ತು. ಕೋಟದ ಕನ್ನಡ ಮನೆಮಾತಿನ ಕಾರಂತರು ಕನ್ನಡದಲ್ಲಿ ಬರೆದದ್ದರಿಂದ ಕಡೇಪಕ್ಷ ಧಣಿ ಮತ್ತು ಚೋಮ ಒಂದೇ ಭಾಷೆಯ ಪುಟದ ಮೇಲೆ ಎದುರುಬದುರು ನಿಂತರು.

ಹಾಗಾಗಿ ತುಳುವಿಗೆ ಮಾನ್ಯತೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸುವವರ ಪೈಕಿ ನಾನಿಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಎಂಟನೆಯ ಪರಿಚ್ಛೇದದ ಬೇಡಿಕೆ ನ್ಯಾಯವಾದದ್ದೇ. ಆದರೆ 1992ರಲ್ಲಿ ಪರಿಚ್ಛೇದ ಸೇರಿದ ಕೊಂಕಣಿಯ ಕಥೆ ನೋಡಿ. ಸಾಹಿತ್ಯ ಅಕಾಡೆಮಿಯ ಲೆಕ್ಕದಲ್ಲಿ ಕೊಂಕಣಿ ಎಂದರೆ ದೇವನಾಗರಿ ಕೊಂಕಣಿ. ಮುಂಬಯಿಯಿಂದಲೇ ಕನ್ನಡ ಲಿಪಿಯಲ್ಲಿ ಬರುವ ‘ದಿವೋ’ ವಾರಪತ್ರಿಕೆಯ ಓದುಗರು ದಿನಾ ಓದುವ ಕೊಂಕಣಿ ಆ ಲೆಕ್ಕದ ಹೊರಗೆ. ನಮ್ಮ ವೃತ್ತಿಯ ಕಡೆಯಿಂದಲೂ ಈಚೆಗೆ ತುಳುವಿಗೆ ಮರ್ಯಾದೆ ಸಿಕ್ಕಿದೆ. 2024ರ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ತುಳುವನ್ನು ಸೇರಿಸಿಕೊಂಡಿತು, ಅದೇ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ವಾಟ್ಸಾಪ್ ಗುಂಪುಗಳಲ್ಲಿ ಸಂಭ್ರಮವೋ ಸಂಭ್ರಮ. ಸಂಭ್ರಮದ ಸಂದೇಶಗಳೆಲ್ಲ ಕನ್ನಡದಲ್ಲಿ, ಅಥವಾ ಇಂಗ್ಲಿಷಿನಲ್ಲಿ.

ನನ್ನ ನಿಜವಾದ ಆತಂಕ ತುಳುವಿನದಲ್ಲ. ಮುಂಬಯಿಯಲ್ಲಿ ಮೊದಲು ಬೀಳುವುದು ಕನ್ನಡ. ತುಳುವಿಗೆ ಬೆಲೆಯಿಲ್ಲದಿದ್ದರೂ ಬಳಕೆ ಇತ್ತು, ಅಡುಗೆಮನೆಯಲ್ಲಿ ಅದಕ್ಕೆ ಜಾಗ ಇತ್ತು. ನಮ್ಮಂಥವರ ಕನ್ನಡಕ್ಕೆ ಬೆಲೆ ಇತ್ತು, ಅದು ನಿಂತಿದ್ದದ್ದು ರಾತ್ರಿಶಾಲೆ, ಮಹಾನಗರ ಪಾಲಿಕೆಯ ಕನ್ನಡ ಶಾಲೆ, ಇನ್‌ಲ್ಯಾಂಡ್ ಕಾಗದ, ಸಂಘದ ಪತ್ರಿಕೆ ಎಂಬ ನಾಲ್ಕು ಕಂಬಗಳ ಮೇಲೆ. ಒಂದೊಂದೇ ಕಂಬ ತೆಗೆದರೆ ಹಿಡಿದುಕೊಳ್ಳಲು ಒಲೆಯ ಬದಿಯ ಗೋಡೆಯೂ ಅದಕ್ಕಿಲ್ಲ. ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಓದಿದ ಮುಂಬಯಿಯ ಹೋಟೆಲ್ ನೌಕರರು ಇದ್ದರು. ಅಂಥ ಕೆಲವರು ಮುಪ್ಪಿನಲ್ಲಿ ನನಗೆ ಸಿಕ್ಕಿದ್ದಾರೆ. ಅವರ ಮೊಮ್ಮಕ್ಕಳಿಗೆ ಆ ಪುಸ್ತಕದ ಅಕ್ಷರ ಚಿತ್ರದಂತೆ ಕಾಣುತ್ತದೆ, ಕೋಪರಿಯ ಸಿಂಧಿ ಮೊಮ್ಮಕ್ಕಳಿಗೆ ಅಜ್ಜಿಯ ಪುಸ್ತಕ ಕಂಡ ಹಾಗೆ. ತುಳುವರು, ಕೊಂಕಣಿಗರು ಕೈಯಾರೆ ಕಟ್ಟಿದ ಒಂದು ಸಾಹಿತ್ಯ ಓದುಗರಿಲ್ಲದೆ ಉಳಿಯಬಹುದು. ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ ರಾಜ್ಯೋತ್ಸವಗಳು ಆಗಲೂ ನಡೆಯುತ್ತಿರುತ್ತವೆ.

ಸ್ಟೇಷನ್ನಿನ ಪೂರ್ವಕ್ಕೆ ಇರುವ ಒಂದು ಹೋಟೆಲಿನಲ್ಲಿ ನಾನು ಐರೋಲಿಯ ಟ್ರೇನ್ ಹಿಡಿಯುವ ಮೊದಲು ಚಹಾ ಕುಡಿಯುತ್ತೇನೆ. ಗಲ್ಲೆಯಲ್ಲಿ ಕೂರುವ ಹಿರಿಯರು ಗಿರಾಕಿಯೊಡನೆ ಹಿಂದಿ, ಹಾಲಿನವನೊಡನೆ ಮರಾಠಿ, ಒಳಗಿನ ಭಟ್ಟಿಯವನಿಗೆ ತುಳು. ಬಿಲ್ಲು ಕೂಡುವಾಗ ಮಾತ್ರ ತುಟಿ ಅಲುಗುತ್ತದೆ, ‘ಏಳೈದಲ ಮೂವತ್ತೈದು’. ಮಗ್ಗಿ ಕಲಿತದ್ದು ಕನ್ನಡ ಶಾಲೆಯಲ್ಲಿ, ನಲವತ್ತು ವರ್ಷ ಮುಂಬಯಿಯಲ್ಲಿದ್ದರೂ ಲೆಕ್ಕ ಅದೇ ಭಾಷೆಯಲ್ಲಿ. ಭಾನುವಾರ ಆ ಜಾಗದಲ್ಲಿ ಮಗ ಕೂರುತ್ತಾನೆ. ಅವನಿಗೂ ಹಿಂದಿ, ಮರಾಠಿ ಸಲೀಸು. ಒಳಗೆ ಕೂಗುವುದು ಅಪ್ಪನ ಹಾಗೇ ತುಳುವಿನಲ್ಲಿ. ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ.